ಸರ್ವಾಧಿಕಾರಿಯ ವಿಚಾರಣೆ ಯಾವ ಊರಿನ ಕೋರ್ಟಿನಲ್ಲಿ?

ಒಂದು ಕೊಲೆಯಾದರೆ ಮುಂದೇನು ಅನ್ನುವುದು ಎಲ್ಲರಿಗೂ ಗೊತ್ತು. ಸ್ಟೇಷನ್ನಿಗೆ ಹೋಗಬೇಕು, ಎಫ್‌ಐಆರ್ ಆಗಬೇಕು, ಮಹಜರು ಆಗಬೇಕು, ಚಾರ್ಜ್‌ಶೀಟ್ ಬೀಳಬೇಕು. ವರ್ಷಗಟ್ಟಲೆ ಎಳೆದಾಡಿದರೂ ದಾರಿ ಅಂತ ಒಂದಿದೆ. ಆದರೆ ಕೊಂದಿದ್ದು ಸರ್ಕಾರವೇ ಆಗಿದ್ದರೆ? ಸತ್ತವರು ಸಾವಿರಗಟ್ಟಲೆ ಇದ್ದರೆ? ಮಹಜರು ಮಾಡಬೇಕಾದ ಪೊಲೀಸರೇ ಆರೋಪಿಗಳು. ಜಡ್ಜುಗಳನ್ನು ನೇಮಿಸಿದವನೂ ಆರೋಪಿ. ನಮ್ಮಲ್ಲಿ "ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ" ಅಂತ ದೂರು ತಂದವರನ್ನು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಓಡಿಸುತ್ತಾರಲ್ಲ, ಇಂಥ ಹತ್ಯೆಗಳಲ್ಲಿ ಬದುಕುಳಿದವರನ್ನು ದೇಶದಿಂದ ದೇಶಕ್ಕೆ, ಖಂಡದಿಂದ ಖಂಡಕ್ಕೆ ಹಾಗೆಯೇ ಓಡಿಸಿದ್ದಾರೆ.

ಕಾನೂನಿನಲ್ಲಿ ಇಂಥ ಕೃತ್ಯಗಳಿಗೆ ಮುಖ್ಯವಾಗಿ ಮೂರು ಹೆಸರುಗಳಿವೆ. ಒಂದು ಜನಾಂಗವನ್ನೋ ಧರ್ಮದವರನ್ನೋ ಇಲ್ಲವಾಗಿಸಬೇಕು ಎಂಬ ಉದ್ದೇಶದಿಂದ ಕೊಂದರೆ ಜನಾಂಗ ಹತ್ಯೆ. ಕೊಂದಿದ್ದನ್ನು ತೋರಿಸಿದರೆ ಸಾಲದು, ಆ ಉದ್ದೇಶ ಇತ್ತು ಅಂತಲೂ ಸಾಬೀತು ಮಾಡಬೇಕು. ಕಷ್ಟ ಇರುವುದು ಅಲ್ಲೇ. ನಾಗರಿಕರ ಮೇಲೆ ದೊಡ್ಡ ಪ್ರಮಾಣದಲ್ಲಿ ಅಥವಾ ಯೋಜನೆ ಹಾಕಿಕೊಂಡು ದಾಳಿ ನಡೆಸಿದರೆ ಅದು ಮಾನವತೆಯ ವಿರುದ್ಧದ ಅಪರಾಧ. ಇದಕ್ಕೆ ಯುದ್ಧ ನಡೆಯುತ್ತಿರಬೇಕು ಅಂತಿಲ್ಲ. ಯುದ್ಧದ ನಿಯಮಗಳನ್ನು ಗಂಭೀರವಾಗಿ ಮುರಿದರೆ ಯುದ್ಧಾಪರಾಧ. ಈ ವ್ಯಾಖ್ಯೆಗಳು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಕೋರ್ಟಿನಲ್ಲಿ. ಅದು ಯಾರದು, ಎಲ್ಲಿದೆ, ಯಾರ ಒತ್ತಾಯಕ್ಕೆ ಹುಟ್ಟಿತು, ಯಾರನ್ನು ಮುಟ್ಟುವ ಧೈರ್ಯ ಅದಕ್ಕಿದೆ?

ಮೊದಲ ದೊಡ್ಡ ಪ್ರಯತ್ನ ನಡೆಸಿದ್ದು ಯುದ್ಧ ಗೆದ್ದವರು. 1945ರಲ್ಲಿ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ, 1946ರಿಂದ ಟೋಕಿಯೊದಲ್ಲಿ ಜಪಾನಿ ನಾಯಕರ ವಿಚಾರಣೆ. ಟೋಕಿಯೊದ ಪೀಠದಲ್ಲಿ ಭಾರತದ ರಾಧಾಬಿನೋದ್ ಪಾಲ್ ಕೂಡ ಇದ್ದರು. ಎಲ್ಲ ಆರೋಪಿಗಳನ್ನೂ ಬಿಡಬೇಕು ಅಂತ ಭಿನ್ನ ತೀರ್ಪು ಬರೆದರು. ಜಪಾನಿ ಸೈನ್ಯದ ಕ್ರೌರ್ಯವನ್ನು ಅವರು ಅಲ್ಲಗಳೆಯಲಿಲ್ಲ. ಗೆದ್ದವರು ಸೋತವರನ್ನು ವಿಚಾರಿಸುವುದು ನ್ಯಾಯವೇ ಎಂಬುದು ಅವರ ತಕರಾರು. ಅವರ ನಿರ್ಣಯವನ್ನು ಒಪ್ಪುವುದು ನನಗೆ ಕಷ್ಟ. ಆದರೆ ಆ ತಕರಾರು ಇವತ್ತಿಗೂ ಹಳತಾಗಿಲ್ಲ.

ಲ್ಯಾಟಿನ್ ಅಮೆರಿಕ ಹಿಡಿದ ದಾರಿಯೇ ಬೇರೆ. ಅಲ್ಲಿ ಹೊರಗಿನ ಸೈನ್ಯ ಬಂದು ಯಾರನ್ನೂ ಸೋಲಿಸಲಿಲ್ಲ. ಕೊಂದ ಜನರಲ್‌ಗಳು ಅಧಿಕಾರ ಬಿಟ್ಟ ಮೇಲೂ ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದರು. ಅರ್ಜೆಂಟೀನಾವನ್ನೇ ನೋಡಿ. 1976ರಿಂದ 1983ರವರೆಗೆ ಸೈನ್ಯದ ಆಡಳಿತ. ರಾತ್ರಿ ಬಂದು ಜನರನ್ನು ಎತ್ತಿಕೊಂಡು ಹೋಗುತ್ತಿದ್ದರು. ಹೋದವರು ಮತ್ತೆ ಕಾಣುತ್ತಿರಲಿಲ್ಲ. ಆಡಳಿತ ಬದಲಾದ ಮೇಲೆ ಸರ್ಕಾರಿ ಆಯೋಗವೊಂದು 8,961 ಜನರು ಕಾಣೆಯಾಗಿದ್ದನ್ನು ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು 30,000 ಅನ್ನುತ್ತವೆ. 1985ರಲ್ಲಿ, ಅಂದರೆ ಪ್ರಜಾಪ್ರಭುತ್ವ ಮರಳಿ ಎರಡು ವರ್ಷವೂ ತುಂಬುವ ಮೊದಲು, ಒಂಬತ್ತು ಸೇನಾ ಮುಖ್ಯಸ್ಥರನ್ನು ಬ್ಯೂನಸ್ ಐರಿಸ್‌ನ ಮಾಮೂಲಿ ನಾಗರಿಕ ಕೋರ್ಟಿನ ಮುಂದೆ ನಿಲ್ಲಿಸಲಾಯಿತು. 800ಕ್ಕೂ ಹೆಚ್ಚು ಸಾಕ್ಷಿಗಳು ಬಂದರು. ಹೋರ್ಹೆ ವಿಡೆಲಾ ಮತ್ತು ಎಮಿಲಿಯೊ ಮಸ್ಸೇರಾಗೆ ಜೀವಾವಧಿ ಶಿಕ್ಷೆಯಾಯಿತು. ಆ ಕೇಸಿನ ಸಹಾಯಕ ಪ್ರಾಸಿಕ್ಯೂಟರ್ ಲೂಯಿಸ್ ಮೊರೆನೊ ಒಕಾಂಪೊ. ಮುಂದೆ ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊದಲ ಪ್ರಾಸಿಕ್ಯೂಟರ್ ಆದವರು ಇವರೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸೈನ್ಯ ಗುರುಗುಟ್ಟಿತು. ಬ್ಯಾರಕ್ಕುಗಳಲ್ಲಿ ದಂಗೆ ಎದ್ದಿತು. ಸರ್ಕಾರ ಹೆದರಿ ಎರಡು ಕಾನೂನು ತಂದಿತು. 1986ರದ್ದು ಹೊಸ ಕೇಸು ಹಾಕಲು ಗಡುವು ಇಟ್ಟಿತು. 1987ರದ್ದು, ಮೇಲಿನವರ ಆದೇಶ ಪಾಲಿಸಿದ ಕೆಳಗಿನ ಅಧಿಕಾರಿಗಳ ಮೇಲೆ ಕೇಸೇ ಇಲ್ಲ ಅಂದಿತು. ಆಮೇಲೆ ಬಂದ ಅಧ್ಯಕ್ಷ ಕಾರ್ಲೋಸ್ ಮೆನೆಮ್ ಜೈಲಿನಲ್ಲಿದ್ದ ಜನರಲ್‌ಗಳನ್ನೂ ಕ್ಷಮಿಸಿ ಹೊರಗೆ ಬಿಟ್ಟರು.

ಆದರೆ ಒಂದು ಕಿಂಡಿ ಉಳಿದಿತ್ತು. ಸೈನ್ಯ ಬಸುರಿ ಹೆಂಗಸರನ್ನೂ ಹಿಡಿದುಕೊಂಡು ಹೋಗುತ್ತಿತ್ತು. ಹೆರಿಗೆಯಾದ ಮೇಲೆ ತಾಯಿಯನ್ನು ಕೊಂದು ಮಗುವನ್ನು ಸೈನ್ಯದವರ ಮನೆಗೋ ಅವರಿಗೆ ಬೇಕಾದವರ ಮನೆಗೋ ಕೊಡುತ್ತಿದ್ದರು. ಆ ಮಕ್ಕಳ ಅಜ್ಜಿಯರು ಸಂಘ ಕಟ್ಟಿಕೊಂಡು ಹುಡುಕಲು ಹೊರಟರು. ಅಪ್ಪ ಅಮ್ಮ ಇಲ್ಲದಿರುವಾಗ ಅಜ್ಜಿಯ ರಕ್ತದಿಂದಲೇ ಮೊಮ್ಮಗುವನ್ನು ಗುರುತಿಸುವ ವಿಧಾನವನ್ನು ವಿಜ್ಞಾನಿಗಳ ಕೈಯಲ್ಲಿ ಮಾಡಿಸಿದರು. 130ಕ್ಕೂ ಹೆಚ್ಚು ಮೊಮ್ಮಕ್ಕಳು ಸಿಕ್ಕಿದ್ದಾರೆ. ಮಕ್ಕಳ ಕಳವನ್ನು ಆ ಕ್ಷಮಾದಾನದ ಕಾನೂನಿನಿಂದ ಹೊರಗೆ ಇಟ್ಟಿದ್ದರು. ಅಜ್ಜಿಯರು ಹಿಡಿದದ್ದು ಅದನ್ನೇ. ಹೂಲಿಯೊ ಸಿಮೋನ್ ಎಂಬ ಪೊಲೀಸಿನವನ ಕೇಸಿನಲ್ಲಿ ಇದರ ಅಸಂಬದ್ಧತೆ ಎದ್ದು ಕಂಡಿತು. ಮಗುವನ್ನು ಕದ್ದದ್ದಕ್ಕೆ ಅವನ ಮೇಲೆ ಕೇಸು ನಡೆಸಬಹುದು, ಅದೇ ಮಗುವಿನ ಅಪ್ಪ ಅಮ್ಮನನ್ನು ಮಾಯ ಮಾಡಿದ್ದಕ್ಕೆ ನಡೆಸುವ ಹಾಗಿಲ್ಲ! ಇದ್ಯಾವ ನ್ಯಾಯ ಅಂತ ಕೆಳಗಿನ ಕೋರ್ಟೇ ಕೇಳಿತು. 2005ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಕಾನೂನುಗಳನ್ನು ಹೊಡೆದುಹಾಕಿತು. ಅಲ್ಲಿಂದೀಚೆಗೆ ಸಾವಿರಕ್ಕೂ ಜಾಸ್ತಿ ಜನರಿಗೆ ಶಿಕ್ಷೆಯಾಗಿದೆ. ಮಕ್ಕಳ ಕಳವಿನ ಸಂಚಿಗಾಗಿ 2012ರಲ್ಲಿ ವಿಡೆಲಾಗೆ ಮತ್ತೆ 50 ವರ್ಷ ಶಿಕ್ಷೆ ಬಿತ್ತು. ಮರುವರ್ಷ ಜೈಲಿನಲ್ಲೇ ಸತ್ತ.

ಅರ್ಜೆಂಟೀನಾದ ಸುಪ್ರೀಂ ಕೋರ್ಟ್ ಇಲ್ಲಿ ಇನ್ನೊಂದು ತೀರ್ಪಿನ ಮೇಲೆ ಕೈಯೂರಿ ನಿಂತಿತ್ತು. ಕೋಸ್ಟರೀಕಾದ ಸಾನ್ ಹೋಸೆಯಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ ಇದೆ. 1991ರಲ್ಲಿ ಪೆರುವಿನ ಲಿಮಾದಲ್ಲಿ ಒಂದು ಪಾರ್ಟಿಗೆ ನುಗ್ಗಿದ ಸೈನ್ಯದ ಗುಪ್ತ ತಂಡ 15 ಜನರನ್ನು ಗುಂಡಿಟ್ಟು ಕೊಂದಿತ್ತು. ಅಧ್ಯಕ್ಷ ಆಲ್ಬೆರ್ಟೊ ಫುಜಿಮೋರಿ ಸರ್ಕಾರ ಕೊಂದವರಿಗೆ ಕ್ಷಮಾದಾನದ ಕಾನೂನು ಮಾಡಿತು. ಇಂಥ ಕಾನೂನಿಗೆ ಬೆಲೆಯೇ ಇಲ್ಲ ಅಂತ ಈ ನ್ಯಾಯಾಲಯ 2001ರಲ್ಲಿ ಹೇಳಿತು. 2009ರಲ್ಲಿ ಪೆರುವಿನದೇ ಕೋರ್ಟು ಫುಜಿಮೋರಿಗೆ 25 ವರ್ಷ ಶಿಕ್ಷೆ ಕೊಟ್ಟಿತು. ಆ ಖಂಡದ ಗುಟ್ಟು ಇಷ್ಟೇ. ವಿಚಾರಣೆ ಊರಿನ ಕೋರ್ಟಿನಲ್ಲೇ ನಡೆಯುತ್ತದೆ. ಆ ಕೋರ್ಟಿಗೆ ಬೆನ್ನು ಕೊಡಲು ಮೇಲೊಂದು ಪ್ರಾದೇಶಿಕ ನ್ಯಾಯಾಲಯ ಇರುತ್ತದೆ. ಹಾಗಂತ ಗೆದ್ದೇಬಿಟ್ಟರು ಅಂತಲ್ಲ. ಗ್ವಾಟೆಮಾಲಾದಲ್ಲಿ ಮಾಯಾ ಇಶಿಲ್ ಜನರ ಹತ್ಯೆಗಾಗಿ ಮಾಜಿ ಸರ್ವಾಧಿಕಾರಿ ರಿಯೋಸ್ ಮೊಂಟ್‌ಗೆ 2013ರ ಮೇ 10ರಂದು 80 ವರ್ಷ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ಪೆರು 2025ರಲ್ಲಿ ಮತ್ತೊಂದು ಕ್ಷಮಾದಾನದ ಕಾನೂನು ತಂದಿದೆ.

ಇನ್ನು ಆಫ್ರಿಕ. 1994ರಲ್ಲಿ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕಗ್ಗೊಲೆಯಾಯಿತು. ಹೆಚ್ಚಿನವರು ಟುಟ್ಸಿ ಜನಾಂಗದವರು. ವಿಶ್ವಸಂಸ್ಥೆ ಪಕ್ಕದ ತಾಂಜಾನಿಯಾದ ಅರೂಷಾದಲ್ಲಿ ಒಂದು ವಿಶೇಷ ನ್ಯಾಯಾಲಯ ಕೂರಿಸಿತು. ಅದು 1998ರಲ್ಲಿ ಜಾನ್ ಪಾಲ್ ಅಕಾಯೆಸು ಎಂಬ ಮೇಯರ್‌ನನ್ನು ಜನಾಂಗ ಹತ್ಯೆಯ ಅಪರಾಧಿ ಅಂತ ಘೋಷಿಸಿತು. ಅಂತಾರಾಷ್ಟ್ರೀಯ ಕೋರ್ಟೊಂದು ಹಾಗೆ ಹೇಳಿದ್ದು ಅದೇ ಮೊದಲು. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ಹೆಂಗಸರ ಬಾಯಿಂದ ಅದು ಹೊರಬಂತು. ಪೀಠದಲ್ಲಿದ್ದ ಒಬ್ಬರೇ ಮಹಿಳೆ, ದಕ್ಷಿಣ ಆಫ್ರಿಕದ ತಮಿಳು ಮೂಲದ ನವನೀತಂ ಪಿಳ್ಳೈ. ಆರೋಪಪಟ್ಟಿ ತಿದ್ದುಪಡಿಯಾಯಿತು. ಅತ್ಯಾಚಾರವೂ ಜನಾಂಗ ಹತ್ಯೆಯ ಸಾಧನ ಆಗಬಹುದು ಎಂಬ ತೀರ್ಪು ಬಂದಿದ್ದು ಹೀಗೆ.

ಆದರೆ ಅರೂಷಾ ಕೋರ್ಟು ಬಾಗಿಲು ಮುಚ್ಚುವ ಹೊತ್ತಿಗೆ 62 ಜನರಿಗೆ ಶಿಕ್ಷೆ ಕೊಟ್ಟಿತ್ತು. ರುವಾಂಡಾದ ಜೈಲುಗಳಲ್ಲಿ ಕೊಳೆಯುತ್ತಿದ್ದವರು ಲಕ್ಷ ಮೀರಿದ್ದರು. ಮಾಮೂಲಿ ಕೋರ್ಟುಗಳಲ್ಲಿ ಅಷ್ಟೂ ಕೇಸು ಮುಗಿಯಬೇಕಾದರೆ ತಲೆಮಾರುಗಳೇ ಬೇಕಿತ್ತು. ಆಗ ಸರ್ಕಾರ ಹಳ್ಳಿಯ ಹಳೇ ಪಂಚಾಯ್ತಿ ಪದ್ಧತಿಯನ್ನು ಹೊಸ ಕಾನೂನಿನಡಿ ತಂದಿತು. ಹೆಸರು ಗಚಾಚಾ. ಊರವರೇ ಆರಿಸಿದ ಜನ ನ್ಯಾಯಾಧೀಶರು. ವಕೀಲರಿಲ್ಲ. ಬಯಲಿನಲ್ಲಿ ಎಲ್ಲರೂ ಕೂತು, ಅವತ್ತು ಯಾರು ಯಾರನ್ನು ಕೊಂದರು, ಹೆಣ ಎಲ್ಲಿ ಹಾಕಿದರು ಅಂತ ಮಾತಾಡಬೇಕು. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ. ಇಂಥ ಸುಮಾರು 12,000 ಕೋರ್ಟುಗಳು 2012ರ ಹೊತ್ತಿಗೆ 19 ಲಕ್ಷಕ್ಕೂ ಹೆಚ್ಚು ಕೇಸು ಮುಗಿಸಿದವು. ಎಷ್ಟೋ ಮನೆಯವರಿಗೆ ತಮ್ಮವರ ಮೂಳೆ ಸಿಕ್ಕಿದ್ದು ಇಲ್ಲಿ ಬಂದ ಮಾತಿನಿಂದ. ಹಳೇ ಜಗಳ ತೀರಿಸಿಕೊಳ್ಳಲು ಸುಳ್ಳು ಸಾಕ್ಷಿ ಹೇಳಿದವರೂ ಇದ್ದರು. ದೊಡ್ಡ ಕೊರತೆ ಬೇರೆಯೇ ಇತ್ತು. ಗೆದ್ದು ಅಧಿಕಾರ ಹಿಡಿದ ಟುಟ್ಸಿಗಳ ಪಡೆ ಮಾಡಿದ ಕೊಲೆಗಳು ಗಚಾಚಾದಲ್ಲೂ ಬರಲಿಲ್ಲ, ಅರೂಷಾದಲ್ಲೂ ಬರಲಿಲ್ಲ. ಟೋಕಿಯೊದ ರಾಧಾಬಿನೋದ್ ಪಾಲ್ ಅವರ ತಕರಾರು ನೆನಪಾಗುತ್ತದೆ, ಅಲ್ವಾ?

ಆಫ್ರಿಕದ ಇನ್ನೊಂದು ಕೇಸನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಡೀ ವಿಷಯ ಅರ್ಥವಾಗಲು ಇದೊಂದೇ ಸಾಕು ಅಂತ ನನಗನ್ನಿಸುತ್ತದೆ.

ಹಿಸ್ಸೆನ್ ಹಬ್ರೆ ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ. ಪಕ್ಕದ ಲಿಬಿಯಾದ ಗಡಾಫಿಯನ್ನು ಎದುರಿಸುತ್ತಾನೆ ಅಂತ ಅಮೆರಿಕ, ಫ್ರಾನ್ಸ್ ಎರಡೂ ಅವನನ್ನು ಬೆಂಬಲಿಸಿದವು. ಅವನ ಗುಪ್ತ ಪೊಲೀಸ್ ದಳ ಡಿಡಿಎಸ್. ರಾಜಧಾನಿ ಎನ್‌ಜಮೇನಾದಲ್ಲಿ ಫ್ರೆಂಚರ ಕಾಲದ ಈಜುಕೊಳವೊಂದಕ್ಕೆ ಮೇಲೆ ಕಾಂಕ್ರೀಟ್ ಹಾಕಿ, ಒಳಗೆ ಕೋಣೆ ಮಾಡಿ ಜೈಲಾಗಿಸಿದ್ದರು. ಅವನ ಕಾಲದಲ್ಲಿ 40,000 ಜನ ಸತ್ತರು ಎಂದು ಆಮೇಲೆ ಚಾಡ್‌ನ ತನಿಖಾ ಆಯೋಗ ಅಂದಾಜು ಮಾಡಿತು. ಹಬ್ರೆ ಸೆನೆಗಲ್‌ಗೆ ಓಡಿಹೋಗಿ ಡಕಾರ್‌ನಲ್ಲಿ ಆರಾಮಾಗಿದ್ದ.

ಜೈಲಿನಿಂದ ಬದುಕಿ ಬಂದವರಲ್ಲಿ ಸುಲೇಮಾನ್ ಗೆಂಗೆಂಗ್ ಒಬ್ಬರು. ಸರ್ಕಾರಿ ಕೆಲಸದಲ್ಲಿದ್ದವರು. ಹೊರಬಂದ ಮೇಲೆ ಇತರ ಕೈದಿಗಳ, ವಿಧವೆಯರ ಹೇಳಿಕೆ ಬರೆದುಕೊಳ್ಳತೊಡಗಿದರು. 792 ಜನರ ಕಥೆ ಸೇರಿತು. ಬೆದರಿಕೆ ಬಂದಾಗ ಕಾಗದಗಳನ್ನು ಮನೆಯಲ್ಲೇ ಬಚ್ಚಿಟ್ಟರು. 2000ರ ಜನವರಿಯಲ್ಲಿ ಚಾಡ್‌ನ ಸಂತ್ರಸ್ತರು ಡಕಾರ್‌ನಲ್ಲೇ ಹಬ್ರೆ ಮೇಲೆ ದೂರು ಕೊಟ್ಟರು. ಜಡ್ಜ್ ಆರೋಪ ಹೊರಿಸಿದರು. ಕೆಲವೇ ತಿಂಗಳಲ್ಲಿ ಮೇಲಿನ ಕೋರ್ಟು ಅದನ್ನು ವಜಾ ಮಾಡಿತು. ಬೇರೆ ದೇಶದಲ್ಲಿ ನಡೆದ ಹಿಂಸೆ ನಮ್ಮ ವ್ಯಾಪ್ತಿಗೆ ಬರಲ್ಲ ಅನ್ನುವುದು ಅದರ ಮಾತು. ಇವರು ಬೆಲ್ಜಿಯಂಗೆ ಹೋದರು. ಬೆಲ್ಜಿಯಂ 2005ರಲ್ಲಿ ಆರೋಪ ಹೊರಿಸಿ ಅವನನ್ನು ಒಪ್ಪಿಸಿ ಅಂದಿತು. ಸೆನೆಗಲ್ ಇದನ್ನು ಆಫ್ರಿಕನ್ ಒಕ್ಕೂಟದ ಮೇಲೆ ಹಾಕಿತು. ಒಕ್ಕೂಟ "ಆಫ್ರಿಕದ ಪರವಾಗಿ ನೀವೇ ವಿಚಾರಿಸಿ" ಅಂತ ವಾಪಸ್ ಸೆನೆಗಲ್‌ಗೇ ಕಳಿಸಿತು. ಆಮೇಲೂ ವರ್ಷಗಟ್ಟಲೆ ಏನೂ ಆಗಲಿಲ್ಲ. ಕೊನೆಗೆ 2012ರ ಜುಲೈಯಲ್ಲಿ ದೇಶ ದೇಶಗಳ ನಡುವಿನ ವ್ಯಾಜ್ಯ ತೀರಿಸುವ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ (ಅಪರಾಧ ನ್ಯಾಯಾಲಯ ಬೇರೆ) ಸೆನೆಗಲ್‌ಗೆ ಖಡಾಖಂಡಿತವಾಗಿ ಹೇಳಿತು: ವಿಚಾರಣೆ ಮಾಡಿ, ಇಲ್ಲವೇ ಒಪ್ಪಿಸಿ.

ಅಷ್ಟರಲ್ಲಿ ಸಾಕ್ಷ್ಯವೂ ಕೂಡಿತ್ತು. 2001ರಲ್ಲಿ ಹ್ಯೂಮನ್ ರೈಟ್ಸ್ ವಾಚ್‌ನ ರೀಡ್ ಬ್ರಾಡಿ ಮತ್ತು ಜೊತೆಯವರು ಡಿಡಿಎಸ್‌ನ ಪಾಳುಬಿದ್ದ ಕಚೇರಿಯೊಳಗೆ ಹೋದಾಗ ನೆಲದ ತುಂಬ ಕಾಗದಗಳೇ. ಗುಪ್ತ ಪೊಲೀಸರು ತಾವೇ ಬರೆದಿಟ್ಟ ಲೆಕ್ಕ. ಅವುಗಳಲ್ಲಿ ಬಂಧನದಲ್ಲಿ ಸತ್ತ 1,208 ಜನರ ಹೆಸರು ಸಿಕ್ಕವು. ಅದೇ ವರ್ಷ ಸಂತ್ರಸ್ತರ ವಕೀಲೆ ಜಾಕ್ಲಿನ್ ಮುದೇನಾ ಮೇಲೆ ಪೊಲೀಸರು ಗ್ರೆನೇಡ್ ಎಸೆದು ಗಾಯಗೊಳಿಸಿದರು. ಅವರು ಕೇಸು ಬಿಡಲಿಲ್ಲ.

ಸೆನೆಗಲ್‌ನ ಕೋರ್ಟುಗಳ ಒಳಗೇ ಆಫ್ರಿಕನ್ ಒಕ್ಕೂಟದ ಒಪ್ಪಂದದಂತೆ ಒಂದು ವಿಶೇಷ ಪೀಠ ತೆರೆಯಿತು. ಅಧ್ಯಕ್ಷತೆಗೆ ಬುರ್ಕಿನಾ ಫಾಸೊದ ನ್ಯಾಯಾಧೀಶರು ಬಂದರು. 2015ರಲ್ಲಿ ವಿಚಾರಣೆ ಶುರುವಾದಾಗ ಹಬ್ರೆ ಬರಲ್ಲ ಅಂತ ಹಟ ಹಿಡಿದ. ಕಾವಲಿನವರು ಅವನನ್ನು ಎತ್ತಿ ತಂದು ಕೂರಿಸಿದರು. ಬಿಳಿ ನಿಲುವಂಗಿ, ತಲೆಗೆ ಪೇಟ, ಕಪ್ಪು ಕನ್ನಡಕ. ವಿಚಾರಣೆ ಉದ್ದಕ್ಕೂ ಕೋರ್ಟಿನ ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ. 2016ರ ಮೇ 30ರಂದು ಜೀವಾವಧಿ ಶಿಕ್ಷೆ ಬಿತ್ತು. ಒಂದು ಆಫ್ರಿಕನ್ ದೇಶದ ಕೋರ್ಟು ಇನ್ನೊಂದು ಆಫ್ರಿಕನ್ ದೇಶದ ಮಾಜಿ ಮುಖ್ಯಸ್ಥನನ್ನು ಹೀಗೆ ಶಿಕ್ಷಿಸಿದ್ದು ಅದೇ ಮೊದಲು. ಮರುವರ್ಷ ಮೇಲ್ಮನವಿ ಪೀಠ 7,396 ಸಂತ್ರಸ್ತರಿಗೆ ಸುಮಾರು 8,200 ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರ ಕೊಡಬೇಕು ಅಂದಿತು. 2021ರಲ್ಲಿ ಹಬ್ರೆ ಕೋವಿಡ್‌ನಿಂದ ಸತ್ತಾಗ ಆ ಪರಿಹಾರ ಇನ್ನೂ ಯಾರ ಕೈಗೂ ಬಂದಿರಲಿಲ್ಲ.

ಹಾಗಾದರೆ ಶಾಶ್ವತ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಯಾತಕ್ಕಿದೆ? ಅದು 2002ರ ಜುಲೈಯಿಂದ ಮಾತ್ರ ಅಧಿಕಾರ ಇರುವ ಕೋರ್ಟು. ಹಬ್ರೆ ಮಾಡಿದ್ದು ಅದಕ್ಕೂ ಹಿಂದೆ. ಸದಸ್ಯ ದೇಶದಲ್ಲಿ ಅಥವಾ ಸದಸ್ಯ ದೇಶದವರು ಮಾಡಿದ ಅಪರಾಧವನ್ನು ಅದು ವಿಚಾರಿಸಬಹುದು. ಉಳಿದವಕ್ಕೆ ಆಯಾ ದೇಶದ ಒಪ್ಪಿಗೆಯೋ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆಯೋ ಬೇಕು. ಅಮೆರಿಕ, ರಷ್ಯಾ, ಚೀನಾ, ಭಾರತ ಯಾರೂ ಸದಸ್ಯರಲ್ಲ. ಸ್ವಂತ ಪೊಲೀಸರೂ ಇಲ್ಲ. 2016ರವರೆಗೆ ಅದು ತನಿಖೆಗೆ ಎತ್ತಿಕೊಂಡಿದ್ದೆಲ್ಲ ಆಫ್ರಿಕದ ಕೇಸುಗಳೇ. ಇವುಗಳಲ್ಲಿ ಕೆಲವನ್ನು ಆಯಾ ಸರ್ಕಾರಗಳೇ ಒಪ್ಪಿಸಿದ್ದವು ನಿಜ. ಆದರೂ ಕರಿಯರನ್ನು ಮಾತ್ರ ಹಿಡಿಯುತ್ತೀರಿ ಎಂಬ ಆಫ್ರಿಕದ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ 2025ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದರು, ಯಾಕೆಂದರೆ ಅವರ ದೇಶದ ಸರ್ಕಾರವೇ ಹಿಡಿದುಕೊಟ್ಟಿತು. ಪುಟಿನ್ ಮೇಲೂ ವಾರಂಟ್ ಇದೆ. 2024ರಲ್ಲಿ ಅವರು ಸದಸ್ಯ ದೇಶವಾದ ಮಂಗೋಲಿಯಾಗೆ ಹೋಗಿ, ಸ್ವಾಗತ ಸ್ವೀಕರಿಸಿ ವಾಪಸ್ ಬಂದರು.

ಯುರೋಪಿನಲ್ಲಿ ಯುಗೊಸ್ಲಾವಿಯಾ ಯುದ್ಧಗಳಿಗಾಗಿ ವಿಶ್ವಸಂಸ್ಥೆ 1993ರಲ್ಲಿ ಹೇಗ್‌ನಲ್ಲಿ ನ್ಯಾಯಾಲಯ ತೆರೆದಿತ್ತು. ಅದು ಆರೋಪ ಹೊರಿಸಿದ 161 ಜನರಲ್ಲಿ ಕೊನೆಗೆ ಒಬ್ಬರೂ ತಲೆಮರೆಸಿಕೊಂಡು ಉಳಿಯಲಿಲ್ಲ. ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ ನಡೆದ ಮುಸ್ಲಿಮರ ಹತ್ಯೆಗೆ ಕಾರಣನಾದ ಸೆರ್ಬ್ ನಾಯಕ ರಡೋವಾನ್ ಕರಾಜಿಚ್ ಉದ್ದ ಗಡ್ಡ ಬಿಟ್ಟು, ಬೇರೆ ಹೆಸರಿಟ್ಟುಕೊಂಡು ಸೆರ್ಬಿಯಾದ ಬೆಲ್‌ಗ್ರೇಡಿನಲ್ಲಿ ನಾಟಿ ವೈದ್ಯನಂತೆ ಬದುಕುತ್ತಿದ್ದ. 2008ರಲ್ಲಿ ಸಿಕ್ಕ. ಯುರೋಪಿಯನ್ ಒಕ್ಕೂಟಕ್ಕೆ ಸೇರಬೇಕಾದರೆ ಇವರನ್ನು ಒಪ್ಪಿಸಿ ಎಂಬ ಒತ್ತಡ ಸೆರ್ಬಿಯಾ ಮೇಲಿತ್ತು. ಬೇರೆ ಖಂಡದಲ್ಲಿ ಇಂಥ ಆಮಿಷ ಯಾರ ಕೈಯಲ್ಲೂ ಇಲ್ಲ.

ಇವತ್ತಿನ ಯುರೋಪಿನ ವಿಶೇಷ ಇನ್ನೊಂದಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾರೇ ಮಾಡಿರಲಿ, ನಮ್ಮ ಕೋರ್ಟು ವಿಚಾರಿಸಬಹುದು ಎಂಬ ಕಾನೂನು. ಜರ್ಮನಿ 2002ರಲ್ಲಿ ಇದನ್ನು ವಿವರವಾಗಿ ಬರೆದುಕೊಂಡಿತು. ಸಿರಿಯಾ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ಅಲ್ಲ. ಕೇಸನ್ನು ಅಲ್ಲಿಗೆ ಕಳಿಸುವ ನಿರ್ಣಯಕ್ಕೆ 2014ರಲ್ಲಿ ರಷ್ಯಾ, ಚೀನಾ ವೀಟೊ ಹಾಕಿದವು. ಉಳಿದದ್ದು ಜರ್ಮನಿಯಂಥ ದೇಶದ ಕೋರ್ಟು. ಡಮಾಸ್ಕಸ್‌ನ ಗುಪ್ತಚರ ಜೈಲಿನಲ್ಲಿ ತನಿಖಾ ಮುಖ್ಯಸ್ಥನಾಗಿದ್ದ ಅನ್ವರ್ ರಸ್ಲಾನ್ ನಿರಾಶ್ರಿತನಾಗಿ ಬರ್ಲಿನ್‌ಗೆ ಬಂದಿದ್ದ. ಸಿರಿಯಾದ ಏಜೆಂಟರು ನನ್ನನ್ನು ಹಿಂಬಾಲಿಸುತ್ತಿದ್ದಾರೆ ಅಂತ ತಾನೇ ಪೊಲೀಸರ ಹತ್ತಿರ ಹೋಗಿ, ಹಳೇ ಕೆಲಸದ ಬಗ್ಗೆಯೂ ಹೇಳಿದ! 2022ರ ಜನವರಿಯಲ್ಲಿ ಕೊಬ್ಲೆಂಝ್ ಕೋರ್ಟು 27 ಕೊಲೆ ಮತ್ತು ಕನಿಷ್ಠ 4,000 ಜನರ ಚಿತ್ರಹಿಂಸೆಗೆ ಹೊಣೆ ಮಾಡಿ ಅವನಿಗೆ ಜೀವಾವಧಿ ಕೊಟ್ಟಿತು.

ಆದರೆ ಈ ದಾರಿಯಲ್ಲಿ ಸಿಗುವವರು ಯುರೋಪಿಗೆ ಓಡಿಬಂದವರು ಮಾತ್ರ. ದೊಡ್ಡ ತಲೆಗಳಿಗೆ ಕೈ ಹಾಕಿದರೆ ಕಾನೂನೇ ಕುಗ್ಗುತ್ತದೆ. ಅಮೆರಿಕದ, ಇಸ್ರೇಲ್‌ನ ನಾಯಕರ ಮೇಲೆ ದೂರು ಬಂದಾಗ ಅಮೆರಿಕ ಗುಡುಗಿತು. ಬೆಲ್ಜಿಯಂ 2003ರಲ್ಲಿ ತನ್ನ ಕಾನೂನನ್ನು ರದ್ದು ಮಾಡಿಕೊಂಡಿತು, ಹಬ್ರೆಯದರಂಥ ಆಗಲೇ ಶುರುವಾಗಿದ್ದ ಕೆಲವು ಕೇಸುಗಳನ್ನಷ್ಟೇ ಉಳಿಸಿಕೊಂಡಿತು. ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಚೆಯನ್ನು ಲಂಡನ್ನಿನಲ್ಲಿ ಹಿಡಿಸಿದ ಸ್ಪೇನ್ ಕೂಡ ಆಮೇಲೆ ತನ್ನ ಕಾನೂನಿನ ಹಲ್ಲು ಕಿತ್ತಿತು.

ಏಷ್ಯಾದ ಚಿತ್ರ ಎಲ್ಲಕ್ಕಿಂತ ಚದುರಿಹೋಗಿದೆ. ಸಾನ್ ಹೋಸೆಯಲ್ಲಿರುವಂಥ ಪ್ರಾದೇಶಿಕ ನ್ಯಾಯಾಲಯ ಇಲ್ಲಿಲ್ಲ. ಪ್ರತಿ ದೇಶವೂ ತನ್ನ ರಾಜಕೀಯಕ್ಕೆ ಒಗ್ಗಿದಷ್ಟು ಮಾಡಿದೆ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಪೋಲ್ ಪಾಟ್ ನಾಯಕತ್ವದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಕನಿಷ್ಠ 17 ಲಕ್ಷ ಜನ ಸತ್ತರು. ವಿಶ್ವಸಂಸ್ಥೆ ಮತ್ತು ಸರ್ಕಾರ ಸೇರಿ ನಡೆಸಿದ ಕೋರ್ಟು ಶುರುವಾಗಿದ್ದೇ 2006ರಲ್ಲಿ. ಪೋಲ್ ಪಾಟ್ ಸತ್ತು ಎಂಟು ವರ್ಷ ಆಗಿತ್ತು. 30 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿ ಶಿಕ್ಷೆಯಾದದ್ದು ಮೂವರಿಗೆ. ಆಗ ಪ್ರಧಾನಿಯಾಗಿದ್ದ ಹುನ್ ಸೆನ್ ಒಂದು ಕಾಲದಲ್ಲಿ ಖಮೇರ್ ರೂಜ್ ಕಮಾಂಡರ್. ಮುಂದಿನ ಕೇಸುಗಳು ಬೇಡ ಅಂದರು, ನಿಂತವು. ಸಾವಿರಾರು ಹಳ್ಳಿಗರು ಬಸ್ಸಿನಲ್ಲಿ ಬಂದು ಕೂತು ವಿಚಾರಣೆ ನೋಡಿದರು ಅನ್ನುವುದೇ ಅದರ ಬಲವಾದ ಸಮರ್ಥನೆ. ನನಗೆ ಅದು ಸಾಲದು.

ಬಾಂಗ್ಲಾದೇಶದಲ್ಲಿ ದೇಶದ್ದೇ ಕಾನೂನು, ದೇಶದ್ದೇ ಕೋರ್ಟು. 1971ರ ಹತ್ಯೆಗಳಿಗಾಗಿ 1973ರಲ್ಲಿ ಕಾನೂನು ಮಾಡಿದರು. ಟ್ರಿಬ್ಯುನಲ್ ಬಂದದ್ದು 2010ರಲ್ಲಿ, ಶೇಖ್ ಹಸೀನಾ ಕಾಲದಲ್ಲಿ. 2013ರಲ್ಲಿ ಜಮಾತೆ ಇಸ್ಲಾಮಿ ನಾಯಕ ಅಬ್ದುಲ್ ಕಾದರ್ ಮೊಲ್ಲಾಗೆ ಜೀವಾವಧಿ ಕೊಟ್ಟಾಗ ಢಾಕಾದ ಶಾಹ್‌ಬಾಗ್‌ನಲ್ಲಿ ಜನ ಸೇರಿ ಗಲ್ಲು ಬೇಕು ಅಂದರು. ಸರ್ಕಾರ ಕಾನೂನನ್ನೇ ತಿದ್ದಿ ಮೇಲ್ಮನವಿ ಹಾಕಿತು. ವರ್ಷ ಮುಗಿಯುವ ಮೊದಲೇ ಅವನನ್ನು ನೇಣಿಗೆ ಹಾಕಿದರು. 2025ರ ನವೆಂಬರ್‌ನಲ್ಲಿ ಅದೇ ಟ್ರಿಬ್ಯುನಲ್, ಹಿಂದಿನ ವರ್ಷದ ಪ್ರತಿಭಟನೆಗಳಲ್ಲಿ ನಡೆದ ಹತ್ಯೆಗಳಿಗಾಗಿ ಹಸೀನಾಗೇ ಮರಣದಂಡನೆ ವಿಧಿಸಿತು, ಅವರು ಭಾರತದಲ್ಲಿರುವಾಗಲೇ.

ಮ್ಯಾನ್ಮಾರ್‌ನ ರೋಹಿಂಗ್ಯಾಗಳ ಕೇಸು ಏಷ್ಯಾ ಬಿಟ್ಟು ಹೊರಟೇಹೋಯಿತು. 2019ರಲ್ಲಿ ಪಶ್ಚಿಮ ಆಫ್ರಿಕದ ಪುಟ್ಟ ದೇಶ ಗಾಂಬಿಯಾ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ಮೇಲೆ ಜನಾಂಗ ಹತ್ಯೆಯ ದಾವೆ ಹೂಡಿತು. ಆಗ ಗಾಂಬಿಯಾದ ಕಾನೂನು ಮಂತ್ರಿಯಾಗಿದ್ದ ಅಬೂಬಕರ್ ತಂಬಾದು ಹಿಂದೆ ರುವಾಂಡಾ ನ್ಯಾಯಾಲಯದಲ್ಲಿ ಕೆಲಸ ಮಾಡಿದ್ದವರು. ಇನ್ನೊಂದು ಕಡೆ ಬ್ಯೂನಸ್ ಐರಿಸ್‌ನ ಕೋರ್ಟು ಇದೇ ವಿಷಯದಲ್ಲಿ ದೂರು ತೆಗೆದುಕೊಂಡು 2025ರಲ್ಲಿ ಮ್ಯಾನ್ಮಾರ್‌ನ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಮೇಲೆ ವಾರಂಟ್ ಹೊರಡಿಸಿತು.

ಭಾರತದ ಸ್ಥಿತಿ ವಿಚಿತ್ರ. 1946ರಲ್ಲಿ ಜನಾಂಗ ಹತ್ಯೆಯ ಬಗ್ಗೆ ವಿಶ್ವಸಂಸ್ಥೆಯಲ್ಲಿ ನಿರ್ಣಯ ತರಲು ಕ್ಯೂಬಾ, ಪನಾಮಾ ಜೊತೆ ನಿಂತದ್ದು ನಾವೇ. ಅದರಿಂದ ಹುಟ್ಟಿದ ಜನಾಂಗ ಹತ್ಯೆ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದವನ್ನು 1959ರಲ್ಲಿ ಅನುಮೋದಿಸಿದ್ದೂ ಆಯಿತು. ಅದಕ್ಕೆ ತಕ್ಕ ದೇಶೀಯ ಕಾನೂನು ಮಾತ್ರ ಬರಲೇ ಇಲ್ಲ. 1984ರ ಸಿಖ್ ಹತ್ಯೆಗಳ ಒಂದು ಕೇಸಿನಲ್ಲಿ 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಕಾಂಗ್ರೆಸ್ ನಾಯಕ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಶಿಕ್ಷೆಯಾದದ್ದು ಕೊಲೆ ಸಂಚಿನಂಥ ಮಾಮೂಲಿ ಕಲಂಗಳ ಅಡಿಯಲ್ಲಿ. ಜನಾಂಗ ಹತ್ಯೆಯಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ತುರ್ತಾಗಿ ಸರಿಪಡಿಸಬೇಕು ಅಂತ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರ ಪೀಠ ತೀರ್ಪಿನಲ್ಲೇ ಬರೆಯಿತು. ಅದಾದ ಮೇಲೆ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 358 ಕಲಂಗಳಲ್ಲಿ ಈ ಎರಡೂ ಅಪರಾಧಗಳಿಲ್ಲ.